ಎಕ್ಸ್‌ಟರ್ನಲ್ ಎಸ್‌ಎಸ್‌ಡಿ: ರೆಡಿ ಡ್ರೈವ್ ತಗೊಳ್ಳೋದಾ, ಎನ್‌ಕ್ಲೋಜರ್‌ಗೆ ಹಾಕಿಕೊಳ್ಳೋದಾ, ಎಷ್ಟು ವೇಗ ಬೇಕು?

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 2000 ಎಂಬಿ ಎಂದಿರುತ್ತದೆ. ತಂದು ಕಂಪ್ಯೂಟರಿಗೆ ಹಾಕಿ ಅಳೆದು ನೋಡಿದರೆ 1000 ದಾಟುವುದಿಲ್ಲ. ಡ್ರೈವ್ ಕೆಟ್ಟಿಲ್ಲ, ಮಾರಿದವರು ಸುಳ್ಳೂ ಹೇಳಿಲ್ಲ. ನಿಮ್ಮ ಪೋರ್ಟ್‌ಗೆ ಆ ವೇಗ ಬರುವುದೇ ಇಲ್ಲ, ಅಷ್ಟೇ.

ಎಕ್ಸ್‌ಟರ್ನಲ್ ಎಸ್‌ಎಸ್‌ಡಿ, ಅಂದರೆ ಕಂಪ್ಯೂಟರಿನ ಹೊರಗೆ ಕೇಬಲ್‌ನಲ್ಲಿ ಹಾಕಿಕೊಳ್ಳುವ ಮೆಮೊರಿ ಚಿಪ್‌ನ ಡ್ರೈವ್, ಕೊಳ್ಳುವಾಗ ದುಡ್ಡು ದಂಡವಾಗುವುದು ಹೆಚ್ಚಾಗಿ ಇಲ್ಲೇ. ಅದನ್ನು ರೆಡಿಯಾಗಿ ಕೊಳ್ಳಬಹುದು, ಇಲ್ಲವೇ ಎನ್‌ಕ್ಲೋಜರ್ ಎಂಬ ಖಾಲಿ ಡಬ್ಬಿ ತಂದು ಬಿಡಿ ಎಸ್‌ಎಸ್‌ಡಿಯನ್ನು ಅದರೊಳಗೆ ಹಾಕಿಕೊಳ್ಳಬಹುದು. ಎಲ್ಲರೂ ಡ್ರೈವ್‌ನಿಂದ ಹುಡುಕಾಟ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಪೋರ್ಟ್‌ನಿಂದ. ಪೋರ್ಟ್, ಕೇಬಲ್, ಎನ್‌ಕ್ಲೋಜರ್ ಒಳಗಿನ ಚಿಪ್, ಆಮೇಲೆ ಎಸ್‌ಎಸ್‌ಡಿ. ಈ ನಾಲ್ಕರಲ್ಲಿ ಯಾವುದು ನಿಧಾನವೋ ಅದೇ ನಿಮಗೆ ಸಿಗುವ ವೇಗ. ಒಂದಕ್ಕೆ ಜಾಸ್ತಿ ದುಡ್ಡು ಸುರಿದು ಇನ್ನೊಂದನ್ನು ಮರೆತರೆ ಸುರಿದದ್ದು ಲೆಕ್ಕಕ್ಕೇ ಬರುವುದಿಲ್ಲ.

ಪೋರ್ಟ್ ಹೆಸರುಗಳ ಗೊಂದಲ

2008ರಲ್ಲಿ ಯುಎಸ್‌ಬಿ 3.0 ಬಂತು. ವೇಗ ಸೆಕೆಂಡಿಗೆ 5 ಗಿಗಾಬಿಟ್. 2013ರಲ್ಲಿ 3.1 ಬಂದಾಗ ಹಳೆಯದಕ್ಕೇ 3.1 ಜೆನ್ 1 ಎಂದು ಹೆಸರಿಟ್ಟರು, ಹೊಸ 10 ಗಿಗಾಬಿಟ್‌ನದು 3.1 ಜೆನ್ 2 ಆಯಿತು. 2017ರಲ್ಲಿ 3.2 ಬಂತು, ಮತ್ತೆ ನಾಮಕರಣ. ಈಗ ಅದೇ ಹಳೆಯ 5 ಗಿಗಾಬಿಟ್ ಪೋರ್ಟ್ 3.2 ಜೆನ್ 1. ಹತ್ತರದ್ದು 3.2 ಜೆನ್ 2. ಇಪ್ಪತ್ತರದ್ದು 3.2 ಜೆನ್ 2×2. ಹಾಗಾಗಿ ಸುಮ್ನೆ ‘ಯುಎಸ್‌ಬಿ 3.2’ ಅಂತ ಮಾತ್ರ ಬರೆದಿದ್ದರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. 5 ಇರಬಹುದು, 20 ಇರಬಹುದು. ಇಂಥ ಕಡೆ ಹೆಸರನ್ನು ನಂಬಬೇಡಿ, ಗಿಗಾಬಿಟ್ ಅಂಕಿಯನ್ನು ಹುಡುಕಿ. ಯುಎಸ್‌ಬಿ ಸಂಘದವರೂ 2022ರಲ್ಲಿ ಬುದ್ಧಿ ತಂದುಕೊಂಡು, ಡಬ್ಬದ ಮೇಲೆ ನೇರವಾಗಿ 5, 10, 20, 40 ಗಿಗಾಬಿಟ್ ಅಂತಲೇ ಹಾಕಿ ಎಂದರು. ಎಲ್ಲರೂ ಕೇಳುತ್ತಿಲ್ಲ.

ಇದರ ಮೇಲೆ ಯುಎಸ್‌ಬಿ4 ಇದೆ, 2019ರದ್ದು, ಸಾಮಾನ್ಯವಾಗಿ 40 ಗಿಗಾಬಿಟ್. ಥಂಡರ್‌ಬೋಲ್ಟ್ ಎಂಬ ಇಂಟೆಲ್‌ನ ಪೋರ್ಟ್ ಮಾದರಿಯಲ್ಲಿ 3 ಮತ್ತು 4 ಕೂಡ 40. ಥಂಡರ್‌ಬೋಲ್ಟ್ 5 ಅನ್ನು ಇಂಟೆಲ್ 2023ರಲ್ಲಿ ಪ್ರಕಟಿಸಿತು, ಅದು 80. ಇವೆಲ್ಲದಕ್ಕೂ ಅದೇ ಟೈಪ್ ಸಿ ತೂತು. ಮೇಲಿನಿಂದ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್ ಇರಬಹುದು, ಆದರೆ ಕೆಲವರು ಚಾರ್ಜಿಂಗ್‌ಗೂ ಮಿಂಚನ್ನೇ ಹಾಕುತ್ತಾರೆ. ಕಂಪ್ಯೂಟರ್ ಮಾಡೆಲ್ ನಂಬರ್ ಹಾಕಿ ತಯಾರಕರ ಪುಟದಲ್ಲಿ ನೋಡುವುದೇ ಖಚಿತವಾದ ದಾರಿ. ಲ್ಯಾಪ್‌ಟಾಪ್‌ನ ಎಡಗಡೆ ಪೋರ್ಟ್ 40 ಇದ್ದು ಬಲಗಡೆಯದು 10 ಇರುವುದೂ ಉಂಟು.

ಹಳೆಯ ಚೌಕಟ್ಟಿನ ಟೈಪ್ ಎ ಪೋರ್ಟ್ ಆದರೆ 10ರ ಮೇಲೆ ಆಸೆ ಬಿಡಿ. ಅದಕ್ಕಿಂತ ಜಾಸ್ತಿ ವೇಗ ಟೈಪ್ ಸಿಯಲ್ಲಿ ಮಾತ್ರ. ಮಾನಿಟರ್ ಹಿಂದಿನ ಹಬ್‌ಗೆ ಹಾಕುವವರೂ ಒಮ್ಮೆ ನೋಡಿಕೊಳ್ಳಿ, ಅವು ಎಷ್ಟೋ ಸಲ 5 ಗಿಗಾಬಿಟ್‌ನವು.

ಗಿಗಾಬಿಟ್ ಬಿಡಿ, ಕೈಗೆ ಎಷ್ಟು ಬರುತ್ತದೆ?

5 ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ ಸುಮಾರು 450 ಎಂಬಿ ಸಿಗುತ್ತದೆ. 10ರಲ್ಲಿ ಸುಮಾರು 1000. 20ರಲ್ಲಿ ಸುಮಾರು 2000. ಥಂಡರ್‌ಬೋಲ್ಟ್ 3ರ ಡ್ರೈವ್‌ಗಳು 2800ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಹೊಸ ಯುಎಸ್‌ಬಿ4 ಚಿಪ್‌ನ ಎನ್‌ಕ್ಲೋಜರ್‌ಗಳು ಒಳ್ಳೆಯ ಪೋರ್ಟ್ ಸಿಕ್ಕರೆ 3000 ದಾಟುತ್ತವೆ, 3800ರ ಹತ್ತಿರಕ್ಕೂ ಹೋಗುತ್ತವೆ. ಥಂಡರ್‌ಬೋಲ್ಟ್ 5ರಲ್ಲಿ 6000 ದಾಟಿದ್ದೂ ಇದೆ.

ಈ ಅಂಕಿಗಳನ್ನು ಕಾಯುವ ಸಮಯಕ್ಕೆ ತಿರುಗಿಸಿ ನೋಡಿ. 100 ಜಿಬಿ ವಿಡಿಯೋ ಇದೆ ಅಂತಿಟ್ಟುಕೊಳ್ಳಿ. 450ರ ವೇಗದಲ್ಲಿ 3 ನಿಮಿಷ 42 ಸೆಕೆಂಡ್. 1000ದಲ್ಲಿ 1 ನಿಮಿಷ 40 ಸೆಕೆಂಡ್. 2000ದಲ್ಲಿ 50 ಸೆಕೆಂಡ್. 3000ದಲ್ಲಿ 33 ಸೆಕೆಂಡ್. 5ರಿಂದ 10 ಗಿಗಾಬಿಟ್‌ಗೆ ಹೋದರೆ ಎರಡು ನಿಮಿಷ ಉಳಿಯಿತು, ಅದು ಗೊತ್ತಾಗುತ್ತದೆ. 20ರಿಂದ 40ಕ್ಕೆ ಹೋದಾಗ ಉಳಿದದ್ದು 17 ಸೆಕೆಂಡ್. ಇಷ್ಟಕ್ಕಾಗಿ ಹಲವು ಪಟ್ಟು ದುಡ್ಡು ಕೊಡಬೇಕಾ? ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವವರಿಗೆ ಖಂಡಿತ ಬೇಡ. ದಿನವಿಡೀ ಅದೇ ಡ್ರೈವ್ ಮೇಲೆ ವಿಡಿಯೋ ಎಡಿಟ್ ಮಾಡುವವರಿಗೆ ಮಾತ್ರ ಉತ್ತರ ಬೇರೆ.

ಇನ್ನೊಂದು ಮಾತು. ಈ ಲೆಕ್ಕವೆಲ್ಲ ದೊಡ್ಡ ಫೈಲ್‌ಗಳದು. ಸಾವಿರಾರು ಚಿಕ್ಕ ಫೋಟೋ, ಕೋಡ್ ಫೋಲ್ಡರ್, ಇಮೇಲ್ ಸಂಗ್ರಹ ಇಂಥವನ್ನು ನಕಲು ಮಾಡುವಾಗ ಯಾವ ಡ್ರೈವೂ ಡಬ್ಬದ ಅಂಕಿಯ ಹತ್ತಿರ ಸುಳಿಯುವುದಿಲ್ಲ. ಒಂದೊಂದು ಫೈಲ್‌ಗೂ ತೆರೆಯುವ, ಹೆಸರು ಬರೆಯುವ, ಮುಚ್ಚುವ ಕೆಲಸ ಇರುತ್ತದಲ್ಲ, ಸಮಯ ಹೋಗುವುದು ಅಲ್ಲಿ. ಅಂಥದ್ದೇ ನಿಮ್ಮ ಕೆಲಸವಾದರೆ 10 ಮತ್ತು 20 ಗಿಗಾಬಿಟ್ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ.

20 ಗಿಗಾಬಿಟ್ ಎಂಬ ಬಲೆ

ಮೊದಲಿಗೆ ಹೇಳಿದ 2000ದ ಡ್ರೈವ್ ಕಥೆ ಇದರದ್ದೇ. ಜೆನ್ 2×2 ಎಂಬುದು ಒಂದು ಥರ ಅನಾಥ ಮಗು. ಅದಕ್ಕೆ ಮೀಸಲಾದ ಪೋರ್ಟ್ ಇದ್ದರೆ ಮಾತ್ರ 20 ಸಿಗುತ್ತದೆ. ನಿಮ್ಮದು 40 ಗಿಗಾಬಿಟ್‌ನ ಯುಎಸ್‌ಬಿ4 ಅಥವಾ ಥಂಡರ್‌ಬೋಲ್ಟ್ 4 ಪೋರ್ಟ್ ಇದ್ದರೂ 20 ಸಿಗುತ್ತದೆಂಬ ಖಾತ್ರಿ ಇಲ್ಲ. ಆ ಪೋರ್ಟ್‌ಗಳಲ್ಲಿ 2×2 ಕಡ್ಡಾಯ ಅಲ್ಲ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಇಲ್ಲದಿದ್ದಾಗ ಡ್ರೈವ್ ಸುಮ್ಮನೆ 10ಕ್ಕೆ ಇಳಿಯುತ್ತದೆ. ಎಂ1, ಎಂ2, ಎಂ3 ಚಿಪ್‌ನ ಮ್ಯಾಕ್‌ಗಳಲ್ಲಿ ಆಗುವುದು ಇದೇ. ಸ್ಯಾಮ್‌ಸಂಗ್ ಟಿ9, ಕ್ರೂಶಿಯಲ್ ಎಕ್ಸ್10 ಪ್ರೊ, ಕಿಂಗ್‌ಸ್ಟನ್ ಎಕ್ಸ್‌ಎಸ್2000 ಇವೆಲ್ಲ ಈ ಜಾತಿಗೆ ಸೇರಿದವು. ಡ್ರೈವ್ ಚೆನ್ನಾಗಿಯೇ ಇವೆ. ಆದರೆ ಅಂಥ ಮ್ಯಾಕ್ ಇಟ್ಟುಕೊಂಡು ಇವನ್ನು ಕೊಂಡರೆ ಸ್ಯಾಮ್‌ಸಂಗ್ ಟಿ7 ಅಥವಾ ಕ್ರೂಶಿಯಲ್ ಎಕ್ಸ್9 ಪ್ರೊ ಕೊಡುವ ವೇಗಕ್ಕೆ ಜಾಸ್ತಿ ದುಡ್ಡು ಕೊಟ್ಟಂತೆ.

ಥಂಡರ್‌ಬೋಲ್ಟ್ 3ರ ಹಳೆಯ ಡ್ರೈವ್ ಅಥವಾ ಎನ್‌ಕ್ಲೋಜರ್ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಒಂದು ಪ್ರಶ್ನೆ ಕೇಳಿ. ಒಳಗೆ ಇಂಟೆಲ್‌ನ ಯಾವ ಚಿಪ್? ಮೊದಲ ತಲೆಮಾರಿನ ಆಲ್ಪೈನ್ ರಿಡ್ಜ್ ಆದರೆ ಅದು ಬರೀ ಯುಎಸ್‌ಬಿ ಪೋರ್ಟ್‌ನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಥಂಡರ್‌ಬೋಲ್ಟ್ ಇರುವ ಕಂಪ್ಯೂಟರೇ ಬೇಕು. ನಂತರದ ಟೈಟನ್ ರಿಡ್ಜ್, ಅಂದರೆ ಜೆಎಚ್‌ಎಲ್7440 ಇದ್ದರೆ, ಸಾದಾ ಯುಎಸ್‌ಬಿಯಲ್ಲೂ 10 ಗಿಗಾಬಿಟ್‌ಗೆ ಇಳಿದು ಓಡುವಂತೆ ಮಾಡಬಹುದು. ಅದಕ್ಕೂ ತಯಾರಕರು ಎನ್‌ಕ್ಲೋಜರ್ ಒಳಗೆ ಯುಎಸ್‌ಬಿ ಚಿಪ್ ಒಂದನ್ನು ಜೊತೆಗೆ ಕೂರಿಸಿರಬೇಕು. ‘ಯುಎಸ್‌ಬಿಯಲ್ಲೂ ನಡೆಯುತ್ತದೆ’ ಎಂದು ಬರೆದಿದೆಯಾ ನೋಡಿ.

ರೆಡಿ ಡ್ರೈವೋ, ಎನ್‌ಕ್ಲೋಜರೋ?

ರೆಡಿ ಡ್ರೈವ್‌ನ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಚಿಕ್ಕದು, ಹಗುರ, ಬಿದ್ದರೆ ತಡೆದುಕೊಳ್ಳುತ್ತದೆ. ಸ್ಯಾಮ್‌ಸಂಗ್ ಟಿ7 ಶೀಲ್ಡ್‌ನಂಥದ್ದಕ್ಕೆ ರಬ್ಬರ್ ಹೊದಿಕೆ, ಧೂಳು ಮತ್ತು ನೀರಿನ ಹನಿಗೆ ಐಪಿ65 ರಕ್ಷಣೆ ಇದೆ. ಒಂದೇ ಕಂಪನಿ ಒಳಗೂ ಹೊರಗೂ ಹೊಣೆ ಹೊರುತ್ತದೆ, ವಾರಂಟಿ ತಲೆನೋವಿಲ್ಲ. ಬ್ಯಾಗಿಗೆ ಎಸೆದು ಓಡಾಡುವವರು, ಕ್ಯಾಮೆರಾದಿಂದ ತುಂಬಿಸಿಕೊಳ್ಳುವವರು, ಸ್ಕ್ರೂಡ್ರೈವರ್ ಹಿಡಿಯಲು ಮನಸ್ಸಿಲ್ಲದವರು ಇದನ್ನೇ ತಗೊಳ್ಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ತೊಂದರೆ ಏನಂದರೆ ಒಳಗೇನಿದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಇವತ್ತಿನ ಹಲವು ಚಿಕ್ಕ ಡ್ರೈವ್‌ಗಳಲ್ಲಿ ಬಿಚ್ಚಿ ತೆಗೆಯುವಂಥ ಎಸ್‌ಎಸ್‌ಡಿಯೇ ಇಲ್ಲ. ಯುಎಸ್‌ಬಿ ಮಾತಾಡುವ ಚಿಪ್, ಮೆಮೊರಿ ಎರಡನ್ನೂ ಒಂದೇ ಹಲಗೆಗೆ ಬೆಸೆದಿರುತ್ತಾರೆ. ಮೇಲೆ ಹೇಳಿದ ಎಕ್ಸ್‌ಎಸ್2000, ಎಕ್ಸ್10 ಪ್ರೊ ಎರಡೂ ಇಂಥವೇ, ಸಿಲಿಕಾನ್ ಮೋಶನ್‌ನ ಎಸ್‌ಎಂ2320 ಎಂಬ ಒಂದೇ ಚಿಪ್ ಎರಡೂ ಕೆಲಸ ನೋಡಿಕೊಳ್ಳುತ್ತದೆ. ವಿದ್ಯುತ್ ಕಡಿಮೆ ತಿನ್ನುತ್ತದೆ, ಬಿಸಿಯೂ ಕಡಿಮೆ. ಆದರೆ ಟೈಪ್ ಸಿ ತೂತು ಸಡಿಲವಾಗಿ ಮುರಿದರೆ ಒಳಗಿನದನ್ನು ಇನ್ನೊಂದು ಡಬ್ಬಿಗೆ ಹಾಕಿ ಡೇಟಾ ತೆಗೆಯುವ ದಾರಿ ಇಲ್ಲ.

ಎನ್‌ಕ್ಲೋಜರ್‌ನ ಸೊಗಸು ಇರುವುದೇ ಇಲ್ಲಿ. ಡಬ್ಬಿ ಕೈ ಕೊಟ್ಟರೆ ಎಸ್‌ಎಸ್‌ಡಿ ತೆಗೆದು ಬೇರೆ ಡಬ್ಬಿಗೆ ಹಾಕಿ, ಡೇಟಾ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿ ಚಿಕ್ಕದಾಯಿತು ಅನಿಸಿದರೆ ಅದನ್ನಷ್ಟೇ ಬದಲಿಸಿ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ದೊಡ್ಡದು ಮಾಡಿಸಿದಾಗ ಕೈಗೆ ಬಂದ ಹಳೆಯದಕ್ಕೂ ಒಂದು ಬದುಕು ಸಿಗುತ್ತದೆ. ಯಾವ ಮೆಮೊರಿ, ಎಷ್ಟು ಬಾಳಿಕೆ ಎಂಬುದನ್ನು ನೀವೇ ಆರಿಸುತ್ತೀರಿ. 40 ಗಿಗಾಬಿಟ್ ವರ್ಗದಲ್ಲಂತೂ ರೆಡಿ ಡ್ರೈವ್‌ಗಳ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ಅಲ್ಲಿ ಎನ್‌ಕ್ಲೋಜರ್ ದಾರಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. 10 ಗಿಗಾಬಿಟ್ ವರ್ಗದಲ್ಲಿ ಮನೆಯಲ್ಲಿ ಎಸ್‌ಎಸ್‌ಡಿ ಬಿದ್ದಿದ್ದರೆ ಎನ್‌ಕ್ಲೋಜರ್, ಇಲ್ಲದಿದ್ದರೆ ರೆಡಿ ಡ್ರೈವ್.

ಎನ್‌ಕ್ಲೋಜರ್ ಆರಿಸುವಾಗ

ಮೇಲಿನ ಅಲ್ಯೂಮಿನಿಯಂ, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಕೇಳಬೇಕಾದ್ದು ಒಳಗಿನ ಬ್ರಿಜ್ ಚಿಪ್, ಅಂದರೆ ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಜೋಡಿಸುವ ಚಿಪ್, ಯಾವುದು ಅಂತ. ಹತ್ತಾರು ಬ್ರ್ಯಾಂಡ್‌ಗಳು ಮಾರುವುದು ಇವೇ ನಾಲ್ಕೈದು ಚಿಪ್‌ಗಳನ್ನು.

10 ಗಿಗಾಬಿಟ್‌ನಲ್ಲಿ ರಿಯಲ್‌ಟೆಕ್ ಆರ್‌ಟಿಎಲ್9210ಬಿ, ಜೆಮೈಕ್ರಾನ್ ಜೆಎಂಎಸ್583, ಎಎಸ್‌ಮೀಡಿಯಾ ಎಎಸ್‌ಎಂ2362 ಸಿಗುತ್ತವೆ. ನನ್ನನ್ನು ಕೇಳಿದರೆ ಮೊದಲನೆಯದು. ಎಂ.2 ಅಂದರೆ ಕಡ್ಡಿಯ ಆಕಾರದ ಎಸ್‌ಎಸ್‌ಡಿ. ಅದರಲ್ಲಿ ವೇಗದ ಎನ್‌ವಿಎಂಇ, ನಿಧಾನದ ಸಾಟಾ ಎಂದು ಎರಡು ಬಗೆ, ಈ ಚಿಪ್‌ಗೆ ಎರಡೂ ಗೊತ್ತು. ಉಳಿದೆರಡಕ್ಕೆ ಎನ್‌ವಿಎಂಇ ಮಾತ್ರ. 20ಕ್ಕೆ ಎಎಸ್‌ಎಂ2364. 40ಕ್ಕೆ ಎಎಸ್‌ಎಂ2464ಪಿಡಿ, ಇಲ್ಲವೇ ಹಳೆಯ ಜೆಎಚ್‌ಎಲ್7440. ಈ ಎರಡರಲ್ಲಿ 2464ಪಿಡಿ ಹೊಸದು, ವೇಗವೂ ಜಾಸ್ತಿ. ಯುಎಸ್‌ಬಿ4, ಥಂಡರ್‌ಬೋಲ್ಟ್, ಸಾದಾ ಯುಎಸ್‌ಬಿ ಯಾವುದಕ್ಕೆ ಹಾಕಿದರೂ ಅದಕ್ಕೆ ತಕ್ಕಂತೆ ಇಳಿದು ಕೆಲಸ ಮಾಡುತ್ತದೆ. ಎರಡು ಮೂರು ಕಂಪ್ಯೂಟರ್ ನಡುವೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ. ಚಿಪ್ ಹೆಸರನ್ನೇ ಎಲ್ಲೂ ಬರೆಯದ ಎನ್‌ಕ್ಲೋಜರ್ ಆದರೆ ನಾನು ಮುಂದಿನದಕ್ಕೆ ಹೋಗುತ್ತೇನೆ.

ಎಂ.2 ಕಡ್ಡಿಯ ಅಳತೆಯನ್ನೂ ನೋಡಿ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಇದೇ ಸಾಮಾನ್ಯ. ಕೈಯಲ್ಲಿ ಹಿಡಿಯುವ ಗೇಮಿಂಗ್ ಯಂತ್ರಗಳಿಂದ, ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಿಂದ ತೆಗೆದದ್ದು 2230 ಇರುತ್ತದೆ. 2280ರ ಎನ್‌ಕ್ಲೋಜರ್‌ಗೆ ಚಿಕ್ಕದು ಹಿಡಿಯಬೇಕಾದರೆ ಒಳಗೆ 30ರ ಜಾಗದಲ್ಲೂ ಸ್ಕ್ರೂ ತೂತು ಇರಬೇಕು. ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಬಹುತೇಕ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಆದರೆ ಕೆಲವು ಹಳೆಯ ಎನ್‌ವಿಎಂಇಗಳಿಗೂ ಎರಡು ಕಚ್ಚು ಇರುವುದರಿಂದ ಚೀಟಿ ಓದಿ ಖಚಿತ ಮಾಡಿಕೊಳ್ಳಿ.

ಹಳೆಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಇದೆಯಾ? ಅದರ ಮಿತಿಯೇ 550 ಎಂಬಿ. ಕಡಿಮೆ ಬೆಲೆಯ ಸಾಟಾ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಇಡಿ. ಯುಎಎಸ್‌ಪಿ, ಅಂದರೆ ಯುಎಸ್‌ಬಿಯಲ್ಲಿ ಡೇಟಾ ಚುರುಕಾಗಿ ಸಾಗಿಸುವ ವಿಧಾನ, ಅದರ ಬೆಂಬಲ ಇದೆ ಎಂದು ಬರೆದಿದ್ದರೆ ಸಾಕು. ಅದರ ಬಗ್ಗೆ ಇನ್ನೇನೂ ಯೋಚಿಸಬೇಕಿಲ್ಲ.

ಒಳಗಿನ ಎಸ್‌ಎಸ್‌ಡಿ: ನಿಜವಾದ ವ್ಯತ್ಯಾಸ ಇಲ್ಲಿದೆ

ಹೊಸ ಎಸ್‌ಎಸ್‌ಡಿ ಕೊಂಡು 300 ಜಿಬಿಯ ಒಂದು ಫೋಲ್ಡರ್ ನಕಲು ಮಾಡಲು ಬಿಡಿ. ಪರದೆಯ ಮೇಲಿನ ಗೆರೆ 950ರಲ್ಲಿ ನೇರವಾಗಿ ಹೋಗುತ್ತಿರುತ್ತದೆ. ಅರ್ಧ ದಾರಿಯಲ್ಲಿ ಒಮ್ಮೆಲೇ ಧಡ್ ಅಂತ ಕೆಳಗೆ ಬೀಳುತ್ತದೆ. 100ಕ್ಕೆ ಇಳಿದು ಅಲ್ಲೇ ತೆವಳುತ್ತದೆ. ಉಳಿದ ಸಮಯ ಎರಡೂವರೆ ನಿಮಿಷದಿಂದ 25 ನಿಮಿಷಕ್ಕೆ ಜಿಗಿಯುತ್ತದೆ. ಇದು ಕೇಬಲ್ ತಪ್ಪೂ ಅಲ್ಲ, ಪೋರ್ಟ್ ತಪ್ಪೂ ಅಲ್ಲ.

ಕಾರಣ ಇಷ್ಟು. ಟಿಎಲ್‌ಸಿ ಮೆಮೊರಿಯ ಒಂದೊಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್ ಇಡುತ್ತಾರೆ. ಬಿಟ್ ಜಾಸ್ತಿಯಾದಷ್ಟೂ ಬರೆಯುವುದು ನಿಧಾನ. ಇದನ್ನು ಮುಚ್ಚಿಡಲು ಎಸ್‌ಎಸ್‌ಡಿ ತನ್ನ ಖಾಲಿ ಜಾಗದ ಒಂದು ಭಾಗದಲ್ಲಿ ತಾತ್ಕಾಲಿಕವಾಗಿ ಕೋಶಕ್ಕೆ ಒಂದೇ ಬಿಟ್ ಬರೆದುಕೊಂಡು ಬಿಡುತ್ತದೆ. ಇದೇ ಎಸ್‌ಎಲ್‌ಸಿ ಕ್ಯಾಶ್. ಅದು ತುಂಬುವವರೆಗೆ ಭರ್ಜರಿ ವೇಗ. ತುಂಬಿದ ಮೇಲೆ ಮೆಮೊರಿಯ ಅಸಲಿ ವೇಗ ಹೊರಗೆ ಬರುತ್ತದೆ. ಒಳ್ಳೆಯ ಟಿಎಲ್‌ಸಿ ಆದರೆ ಆಗಲೂ 10 ಗಿಗಾಬಿಟ್ ಪೋರ್ಟ್ ತುಂಬುವಷ್ಟು ಅಥವಾ ಅದರ ಹತ್ತಿರದಷ್ಟು ಇರುತ್ತದೆ. ಕ್ಯೂಎಲ್‌ಸಿ ಆದರೆ ಹಳೆಯ ಹಾರ್ಡ್ ಡಿಸ್ಕ್‌ಗಿಂತ ಕೆಳಗೆ ಹೋಗಬಹುದು. ಡ್ರೈವ್ ಮುಕ್ಕಾಲು ತುಂಬಿದ್ದರೆ ಕ್ಯಾಶ್‌ಗೆ ಜಾಗವೇ ಕಡಿಮೆ, ಬೀಳುವುದು ಇನ್ನೂ ಬೇಗ.

ಬಾಳಿಕೆಯಲ್ಲೂ ಅಂತರ ಇದೆ. ಸ್ಯಾಮ್‌ಸಂಗ್ 990 ಪ್ರೊ 1 ಟಿಬಿಗೆ ಕಂಪನಿ ಹೇಳುವ ಬರೆಯುವ ಮಿತಿ 600 ಟಿಬಿ. ಕ್ಯೂಎಲ್‌ಸಿಯ ಕ್ರೂಶಿಯಲ್ ಪಿ3 1 ಟಿಬಿಗೆ 220. ಮನೆ ಬಳಕೆಗೆ 220 ಮುಟ್ಟುವುದೂ ಕಷ್ಟವೇ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಆ ಕುಸಿತಕ್ಕೆ. ಒಮ್ಮೆ ತುಂಬಿ ಆಮೇಲೆ ಬರೀ ಓದುವ ಕೆಲಸಕ್ಕೆ, ಅಂದರೆ ಸಿನಿಮಾ ಸಂಗ್ರಹ, ಗೇಮ್ ಸಂಗ್ರಹಕ್ಕೆ ಕ್ಯೂಎಲ್‌ಸಿ ಚೆನ್ನಾಗಿಯೇ ನಡೆಯುತ್ತದೆ. ದಿನಾ ನೂರಾರು ಜಿಬಿ ಬರೆಯುವವರು ಟಿಎಲ್‌ಸಿ ಬಿಟ್ಟು ಬೇರೆ ನೋಡಬೇಡಿ. ಡಬ್ಬದ ಮೇಲೆ ಯಾವ ಮೆಮೊರಿ ಎಂದು ಬರೆಯದೆ ಬರೀ ‘ವರೆಗೆ’ ವೇಗ ಹಾಕಿದ್ದರೆ ಅನುಮಾನ ಇಟ್ಟುಕೊಳ್ಳಿ.

ಡಿ-ರ್‍ಯಾಮ್ ಇರುವ ಎಸ್‌ಎಸ್‌ಡಿ ಬೇಕಾ ಎಂಬ ಪ್ರಶ್ನೆಯೂ ಬರುತ್ತದೆ. ಯಾವ ಡೇಟಾ ಎಲ್ಲಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿ ಡಿ-ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದಿಲ್ಲದ ಅಗ್ಗದ ಎಸ್‌ಎಸ್‌ಡಿಗಳು ಕಂಪ್ಯೂಟರಿನ ಮೆಮೊರಿಯಿಂದ ಸ್ವಲ್ಪ ಎರವಲು ಪಡೆಯುತ್ತವೆ, ಇದಕ್ಕೆ ಎಚ್‌ಎಂಬಿ ಎನ್ನುತ್ತಾರೆ. ಈ ಎರವಲು ಯುಎಸ್‌ಬಿ ಮೂಲಕ ಸಿಗುವುದಿಲ್ಲ. ಕಂಪ್ಯೂಟರ್ ಒಳಗೆ ಚುರುಕಾಗಿದ್ದ ಎಸ್‌ಎಸ್‌ಡಿ ಯುಎಸ್‌ಬಿ ಡಬ್ಬಿಯಲ್ಲಿ ಚಿಕ್ಕ ಫೈಲ್‌ಗಳ ಮುಂದೆ ತಡವರಿಸಲು ಇದೂ ಒಂದು ಕಾರಣ. ಬ್ಯಾಕಪ್‌ಗೆ ಇದರಿಂದ ಏನೂ ಆಗುವುದಿಲ್ಲ. ಡ್ರೈವ್‌ನಿಂದಲೇ ಆಪರೇಟಿಂಗ್ ಸಿಸ್ಟಂ ಅಥವಾ ವರ್ಚುವಲ್ ಮಷೀನ್ ಓಡಿಸುವವರು, ಡ್ರೈವ್ ಮೇಲೆಯೇ ವಿಡಿಯೋ ಎಡಿಟ್ ಮಾಡುವವರು ಮಾತ್ರ ಡಿ-ರ್‍ಯಾಮ್ ಇರುವುದನ್ನೇ ಹುಡುಕಿ.

ಇನ್ನು ಪಿಸಿಐಇ, ಅಂದರೆ ಎನ್‌ವಿಎಂಇ ಎಸ್‌ಎಸ್‌ಡಿ ಡೇಟಾ ಸಾಗಿಸುವ ದಾರಿಯ ತಲೆಮಾರು. ಇಲ್ಲಿನ ‘ಜೆನ್’ ಯುಎಸ್‌ಬಿಯ ಜೆನ್ ಅಲ್ಲ. 10 ಗಿಗಾಬಿಟ್ ಡಬ್ಬಿಗೆ ಜೆನ್ 4ರ 7000 ಎಂಬಿ ಎಸ್‌ಎಸ್‌ಡಿ ಹಾಕುವುದು ಸುಮ್ನೆ ದಂಡ. ಸಿಗುವುದು ಅದೇ 1000, ಜೊತೆಗೆ ಬಿಸಿ ಜಾಸ್ತಿ. ಜೆನ್ 3ರದ್ದು ಸಾಕು. 2464ಪಿಡಿ ಡಬ್ಬಿಗೆ ಜೆನ್ 4ರದ್ದು ಹಾಕಿ, ಆದರೆ ಅತಿ ಮೇಲಿನ ಮಾಡೆಲ್ ಬೇಡ, ತಣ್ಣಗಿರುವ ಮಧ್ಯಮ ಮಾಡೆಲ್ ಸಾಕು.

ಬಿಸಿ ಮತ್ತು ವಿದ್ಯುತ್

ಎಸ್‌ಎಸ್‌ಡಿ 70–80 ಡಿಗ್ರಿ ಸೆಲ್ಸಿಯಸ್‌ಗೆ ಹೋದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಚಿಕ್ಕ ಮುಚ್ಚಿದ ಡಬ್ಬಿಯಲ್ಲಿ, ಅದರಲ್ಲೂ 40 ಗಿಗಾಬಿಟ್‌ನಲ್ಲಿ, ಇದು ನಿಮಿಷಗಳ ಮಾತು. ಅಲ್ಯೂಮಿನಿಯಂ ಮೈ ಬಿಸಿಯನ್ನು ಹೊರಗೆ ಎಳೆಯುತ್ತದೆ, ಆದರೆ ಎಸ್‌ಎಸ್‌ಡಿ ಅದಕ್ಕೆ ತಾಗಿದ್ದರೆ ಮಾತ್ರ. ನಡುವಿನ ಥರ್ಮಲ್ ಪ್ಯಾಡ್ ಕೆಲಸ ಅದೇ. ಪ್ಯಾಡ್‌ನ ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದನ್ನು ಎರಡೂ ಕಡೆಯಿಂದ ಸುಲಿಯಬೇಕು. ಒಂದು ಕಡೆಯದು ಹಾಗೇ ಉಳಿದುಬಿಡುವುದು ಸಾಮಾನ್ಯ. ಪ್ಯಾಡ್ ಅಂಟಿಸಿ ಮುಚ್ಚಳ ಒಮ್ಮೆ ಒತ್ತಿ ತೆಗೆದು ನೋಡಿ. ಪ್ಯಾಡ್ ಮೇಲೆ ಮುಚ್ಚಳದ ಗುರುತು ಮೂಡಿದ್ದರೆ ತಾಗುತ್ತಿದೆ ಎಂದರ್ಥ. ಮೂಡಿಲ್ಲವೇ, ಇನ್ನೂ ದಪ್ಪನೆಯ ಪ್ಯಾಡ್ ಬೇಕು. ಸ್ಕ್ರೂ ಇಲ್ಲದೆ ಜಾರಿಸಿ ಮುಚ್ಚುವ ಡಬ್ಬಿಗಳು ನೋಡಲು ಚೆಂದ, ಆದರೆ ಒತ್ತಡ ಸರಿಯಾಗಿ ಬೀಳುವುದು ನಾಲ್ಕು ಸ್ಕ್ರೂ ಇರುವವುಗಳಲ್ಲಿ. ಡಬ್ಬಿ ಮುಟ್ಟಿದರೆ ಬಿಸಿ ಇದೆ ಅಂದರೆ ಗಾಬರಿ ಬೇಡ. ಬಿಸಿ ಹೊರಗೆ ಬರುತ್ತಿದೆ, ಒಳ್ಳೆಯದೇ. ಭಾರಿ ಕೆಲಸದಲ್ಲೂ ಡಬ್ಬಿ ತಣ್ಣಗಿದ್ದು ವೇಗ ಮಾತ್ರ ಬೀಳುತ್ತಿದ್ದರೆ ಪ್ಯಾಡ್ ನೋಡಿ.

ಫ್ಯಾನ್ ಇರುವ ಡಬ್ಬಿಗಳೂ ಇವೆ. ದಿನವಿಡೀ ಎಡಿಟ್ ಮಾಡುವವರಿಗೆ ಅರ್ಥವಿದೆ. ಉಳಿದವರಿಗೆ ಅದು ಕಿರ್ ಅನ್ನುವ ಇನ್ನೊಂದು ಶಬ್ದ.

ವಿದ್ಯುತ್ತಿನ ಕಡೆ ಬಂದರೆ, ಹಳೆಯ ಯುಎಸ್‌ಬಿ 3.0 ಪೋರ್ಟ್ ಕೊಡಬೇಕಾದ್ದು 5 ವೋಲ್ಟ್‌ನಲ್ಲಿ 0.9 ಆಂಪಿಯರ್, ಅಂದರೆ 4.5 ವ್ಯಾಟ್. ಮೇಲಿನ ದರ್ಜೆಯ ಎಸ್‌ಎಸ್‌ಡಿಗಳು ಭಾರಿ ಬರವಣಿಗೆಯಲ್ಲಿ ಇದಕ್ಕಿಂತ ಜಾಸ್ತಿ ಎಳೆಯುತ್ತವೆ. ಥಂಡರ್‌ಬೋಲ್ಟ್ 4 ಪೋರ್ಟ್ 15 ವ್ಯಾಟ್ ಕೊಡುವುದರಿಂದ ಅಲ್ಲಿ ಚಿಂತೆ ಇಲ್ಲ. ನಕಲು ಮಧ್ಯದಲ್ಲಿ ಡ್ರೈವ್ ತಾನಾಗೇ ಮಾಯವಾಗಿ ಮತ್ತೆ ಬರುತ್ತಿದ್ದರೆ ಮೊದಲು ಬೇರೆ ಪೋರ್ಟ್‌ಗೆ ಹಾಕಿ ನೋಡಿ, ಆಮೇಲೆ ಡ್ರೈವ್ ಮೇಲೆ ಆರೋಪ ಹೊರಿಸಿ. ಫೋನಿನ ವಿಷಯದಲ್ಲೂ ಇದೇ. ಐಫೋನ್ 15 ಪ್ರೊದಿಂದ 4ಕೆ 60 ಫ್ರೇಮ್ ಪ್ರೊರೆಸ್ (ಎಡಿಟಿಂಗ್‌ಗೆಂದೇ ಇರುವ ದೊಡ್ಡ ಗಾತ್ರದ) ವಿಡಿಯೋವನ್ನು ನೇರ ಡ್ರೈವ್‌ಗೆ ಬರೆಯಲು ಆಪಲ್ ಕೇಳುವುದು ಸೆಕೆಂಡಿಗೆ 220 ಎಂಬಿ ಮಾತ್ರ, ಆದರೆ ಡ್ರೈವ್ 4.5 ವ್ಯಾಟ್ ಒಳಗೆ ಇರಬೇಕು. ಇಲ್ಲಿ ದೈತ್ಯ ಎನ್‌ಕ್ಲೋಜರ್‌ಗಿಂತ ಚಿಕ್ಕ ರೆಡಿ ಡ್ರೈವೇ ಗೆಲ್ಲುತ್ತದೆ.

ಕೇಬಲ್

ಕಣ್ಣಿಗೆ ಒಂದೇ ಥರ ಕಾಣುವ ಟೈಪ್ ಸಿ ಕೇಬಲ್‌ಗಳಲ್ಲಿ ಫೋನ್ ಜೊತೆ ಬರುವ ಚಾರ್ಜಿಂಗ್ ಕೇಬಲ್ ಹೆಚ್ಚಾಗಿ ಯುಎಸ್‌ಬಿ 2.0. ಅದರಲ್ಲಿ ಸೆಕೆಂಡಿಗೆ 40 ಎಂಬಿ ಬಂದರೆ ಪುಣ್ಯ. ಮೇಲಿನ 100 ಜಿಬಿ ಲೆಕ್ಕ ಅಲ್ಲಿ 40 ನಿಮಿಷ ದಾಟುತ್ತದೆ. ಡ್ರೈವ್ ಜೊತೆ ಬಂದ ಕೇಬಲ್ ಅನ್ನೇ ಬಳಸಿ, ಅದಕ್ಕೊಂದು ಚೀಟಿ ಅಂಟಿಸಿ. 40 ಗಿಗಾಬಿಟ್‌ಗೆ ಸಾದಾ ಕೇಬಲ್ 0.8 ಮೀಟರ್ ಒಳಗೆ ಇರಬೇಕು. ಉದ್ದ ಬೇಕೆಂದರೆ ಒಳಗೆ ಚಿಪ್ ಇರುವ ಆಕ್ಟಿವ್ ಕೇಬಲ್, ಅದು ದುಬಾರಿ.

ಫಾರ್ಮ್ಯಾಟ್, ಟ್ರಿಮ್, ಬೀರುವಿನಲ್ಲಿ ಇಡುವುದು

ವಿಂಡೋಸ್, ಮ್ಯಾಕ್ ಎರಡಕ್ಕೂ ಬೇಕೆಂದರೆ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್. ಆದರೆ ಅದಕ್ಕೆ ಜರ್ನಲ್, ಅಂದರೆ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ, ಇಲ್ಲ, ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಫೈಲ್‌ಗಳು ಕೆಡುವ ಅಪಾಯ ಜಾಸ್ತಿ. ಮ್ಯಾಕ್ ಒಂದೇ ಆದರೆ ಎಪಿಎಫ್‌ಎಸ್, ವಿಂಡೋಸ್ ಒಂದೇ ಆದರೆ ಎನ್‌ಟಿಎಫ್‌ಎಸ್. ಎನ್‌ಟಿಎಫ್‌ಎಸ್ ಡ್ರೈವ್ ಅನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ.

ಅಳಿಸಿದ ಜಾಗ ಖಾಲಿ ಆಯಿತೆಂದು ಎಸ್‌ಎಸ್‌ಡಿಗೆ ಹೇಳುವ ಟ್ರಿಮ್ ಆಜ್ಞೆ ಮ್ಯಾಕ್‌ನಲ್ಲಿ ಯುಎಸ್‌ಬಿ ಮೂಲಕ ಸಾಮಾನ್ಯವಾಗಿ ಹೋಗುವುದಿಲ್ಲ. ಥಂಡರ್‌ಬೋಲ್ಟ್, ಯುಎಸ್‌ಬಿ4 ದಾರಿಯಲ್ಲಿ ಹೋಗುತ್ತದೆ, ಏಕೆಂದರೆ ಅಲ್ಲಿ ಮ್ಯಾಕ್‌ಗೆ ಅದು ನೇರ ಎನ್‌ವಿಎಂಇ ಆಗಿಯೇ ಕಾಣುತ್ತದೆ. ದಿನಾ ಬರೆದು ಅಳಿಸುವ ಮ್ಯಾಕ್ ಬಳಕೆದಾರರು 40 ಗಿಗಾಬಿಟ್‌ಗೆ ಹೋಗಲು, ವೇಗಕ್ಕಿಂತ ಇದೇ ಒಳ್ಳೆಯ ಕಾರಣ.

ಬೀರುವಿನಲ್ಲಿಟ್ಟು ಮರೆಯುವ ಬ್ಯಾಕಪ್‌ಗೆ ಎಸ್‌ಎಸ್‌ಡಿ ಸರಿಯಾದ ಆಯ್ಕೆ ಅಲ್ಲ. ಮೆಮೊರಿ ಉದ್ಯಮದ ಸಂಘವಾದ ಜೆಡೆಕ್‌ನ ಮಾನದಂಡದ ಪ್ರಕಾರ ಸಾಮಾನ್ಯ ಎಸ್‌ಎಸ್‌ಡಿ ತನ್ನ ಬರೆಯುವ ಮಿತಿ ಮುಗಿಸಿದ ಮೇಲೆ, ವಿದ್ಯುತ್ ಇಲ್ಲದೆ, 30 ಡಿಗ್ರಿಯಲ್ಲಿ ಡೇಟಾ ಉಳಿಸಿಕೊಳ್ಳಬೇಕಾದ್ದು ಒಂದು ವರ್ಷ. ಹೊಸ ಡ್ರೈವ್ ಇದಕ್ಕಿಂತ ತುಂಬಾ ಜಾಸ್ತಿ ಉಳಿಸಿಕೊಳ್ಳುತ್ತದೆ, ನಿಜ. ಆದರೂ ವರ್ಷಗಟ್ಟಲೆ ಮುಟ್ಟದೆ ಇಡುವುದಕ್ಕೆ ಹಾರ್ಡ್ ಡಿಸ್ಕ್ ಅಗ್ಗ, ನೆಮ್ಮದಿ.

ಗೇಮ್ ಆಡುವವರಿಗೆ ಒಂದು ಸಾಲು. ಪಿಎಸ್5 ಗೇಮ್‌ಗಳನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಅಲ್ಲಿಂದ ಆಡಲು ಆಗುವುದಿಲ್ಲ. ಪಿಎಸ್4 ಗೇಮ್‌ಗಳನ್ನು ಆಡಬಹುದು. ಅಲ್ಲಿಗೆ ದುಬಾರಿ ಡ್ರೈವ್ ಬೇಡ.

ಹಾಗಾದರೆ ಯಾವುದು?

ಫೋಟೋ, ದಾಖಲೆ, ಬ್ಯಾಕಪ್, ಸಿನಿಮಾ ಇವಕ್ಕೆ 10 ಗಿಗಾಬಿಟ್‌ನ ಟಿಎಲ್‌ಸಿ ರೆಡಿ ಡ್ರೈವ್. ಹೆಚ್ಚಿನ ಜನ ಇಲ್ಲೇ ನಿಲ್ಲಬೇಕು. ಮೇಲಿನ ವರ್ಗಕ್ಕೆ ಕೊಡುವ ದುಡ್ಡಲ್ಲಿ ಎರಡು ಪಟ್ಟು ಜಾಗ ತಗೊಳ್ಳಿ, ಅಥವಾ ಇನ್ನೊಂದು ಡ್ರೈವ್ ತಗೊಂಡು ಎರಡನೇ ಪ್ರತಿ ಇಡಿ. ವೇಗದ ಡ್ರೈವೂ ಸಾಯುತ್ತದೆ, ಎಷ್ಟೋ ಸಲ ಯಾವ ಸೂಚನೆಯೂ ಇಲ್ಲದೆ.

ಡ್ರೈವ್ ಮೇಲೆಯೇ ವಿಡಿಯೋ ಎಡಿಟ್ ಮಾಡುತ್ತೀರಿ, ಪೋರ್ಟ್ 40 ಇದೆ ಅಂದರೆ 2464ಪಿಡಿ ಎನ್‌ಕ್ಲೋಜರ್, ಡಿ-ರ್‍ಯಾಮ್ ಇರುವ ಜೆನ್ 4 ಟಿಎಲ್‌ಸಿ ಎಸ್‌ಎಸ್‌ಡಿ, ಕನಿಷ್ಠ 2 ಟಿಬಿ. 20 ಗಿಗಾಬಿಟ್ ವರ್ಗ ನಿಮ್ಮ ಪೋರ್ಟ್ ವಿವರದಲ್ಲಿ 2×2 ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ. ಥಂಡರ್‌ಬೋಲ್ಟ್ 5 ಸದ್ಯ ಅಷ್ಟು ವೇಗ ನುಂಗುವ ಕೆಲಸ ಇರುವವರಿಗೆ. ಅಂಥವರಿಗೆ ಈ ಬರಹ ಬೇಕಾಗಿರಲಿಕ್ಕಿಲ್ಲ.

‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಅಂತ ನಂಬಲಾಗದ ಕಡಿಮೆ ಬೆಲೆಗೆ ಕಂಡರೆ ಮುಟ್ಟಲೇ ಬೇಡಿ. ಇಂಥವನ್ನು ಬಿಚ್ಚಿದಾಗ ಒಳಗೆ ಮೆಮೊರಿ ಕಾರ್ಡ್ ಅಂಟಿಸಿದ್ದು ಸಿಕ್ಕಿದೆ, ಡ್ರೈವ್ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ತಿದ್ದಿ ದೊಡ್ಡ ಅಂಕಿ ತೋರಿಸುವಂತೆ ಮಾಡಿರುತ್ತಾರೆ. ಆದರೆ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅದು ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಡ್ರೈವ್ ಕೈಗೆ ಬಂದ ದಿನವೇ, ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ, ವಿಂಡೋಸ್ ಆದರೆ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್ ಆದರೆ ಎಫ್3 ಎಂಬ ಉಚಿತ ತಂತ್ರಾಂಶ ಹಾಕಿ ಡ್ರೈವ್ ಅನ್ನು ಪೂರ್ತಿ ತುಂಬಿ, ಮತ್ತೆ ಓದಿಸಿ. ಜಾಗ ಅಸಲಿಯಾ ಅನ್ನುವುದು ತಿಳಿಯುತ್ತದೆ, ಕ್ಯಾಶ್ ಮುಗಿದ ಮೇಲಿನ ವೇಗವೂ ಕಣ್ಣಿಗೆ ಬೀಳುತ್ತದೆ. ಆಮೇಲೆ ತಯಾರಕರ ಪುಟದಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ನೋಡಿ, ಇದ್ದರೆ ಡೇಟಾ ಹಾಕುವ ಮುಂಚೆಯೇ ಮಾಡಿ ಮುಗಿಸಿ.